ರಟ್ಟು ಇದ್ದಾಗ ರಟ್ಟಾಗಿರಲಿಲ್ಲ: ಒಂದು ಅಡಿಕೆ ಮಂಡಿಯ ಪಟ್ಟಿ ಸೋರಿದ ಪ್ರಕರಣ

ಯುಗಾದಿ ಕಳೆದು ನಾಲ್ಕೈದು ದಿನ ಆಗಿತ್ತು. ಬೆಳಿಗ್ಗೆ ಎಂಟೂವರೆಗೆ ಮಂಡಿಯ ಯಜಮಾನರ ಫೋನ್ ಬಂತು. "ನಿಮ್ಮ ಸಾಫ್ಟ್‌ವೇರಲ್ಲಿ ಎಂತದೋ ಆಗಿದೆ ಮಾರಾಯ್ರೇ, ಈಗ್ಲೇ ಬನ್ನಿ" ಅಂದರು. ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಡುವ, ಕೆಟ್ಟರೆ ಸರಿ ಮಾಡುವ ಸಣ್ಣ ಅಂಗಡಿ ನನ್ನದು, ಶಿವಮೊಗ್ಗದಲ್ಲಿ. ಇಂಥ ಫೋನ್ ನನಗೆ ಹೊಸದಲ್ಲ. ಹೋಗಿ ನೋಡಿದರೆ ಸಾಮಾನ್ಯವಾಗಿ ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಂಡಿರುತ್ತದೆ. ಅವತ್ತು ಹಾಗಿರಲಿಲ್ಲ.

ಮಂಡಿಯ ಹೆಸರು, ಅದಿರುವ ಊರು ಹೇಳುವುದಿಲ್ಲ. ಬರೆಯಲು ಯಜಮಾನರು ಒಪ್ಪಿದ್ದೇ ಆ ಕರಾರಿನ ಮೇಲೆ. ಇಷ್ಟು ಹೇಳಬಹುದು: ಅಪ್ಪ ಶುರು ಮಾಡಿದ ಕಮಿಷನ್ ಮಂಡಿ, ಮಗನ ಕಾಲದಲ್ಲಿ ಪ್ರೈವೇಟ್ ಲಿಮಿಟೆಡ್ ಕಂಪನಿ ಆಗಿದೆ. ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯ ಸಾವಿರಕ್ಕೂ ಜಾಸ್ತಿ ಬೆಳೆಗಾರರ ಖಾತೆ ಅಲ್ಲಿದೆ. ಕೆಲವರು ಅಡಿಕೆ ತಂದ ದಿನವೇ ಮಾರಿ ಹೋಗುತ್ತಾರೆ. ಸುಮಾರು ಜನ ಗೋದಾಮಿನಲ್ಲಿ ಇಟ್ಟು, ರೇಟು ಏರಲಿ ಅಂತ ಕಾಯುತ್ತಾರೆ. ಮಗಳ ಮದುವೆಗೋ, ಜೂನ್ ತಿಂಗಳ ಸ್ಕೂಲ್ ಫೀಸಿಗೋ ದುಡ್ಡು ಬೇಕಾದಾಗ "ಎರಡು ಕ್ವಿಂಟಲ್ ಬಿಡಿ" ಅಂತ ಫೋನ್ ಮಾಡುತ್ತಾರೆ. ಎಷ್ಟೋ ಮನೆಗೆ ಬ್ಯಾಂಕ್ ಅಂದರೆ ಮಂಡಿಯೇ. ಮುಂಗಡ ಕೊಡುವುದೂ ಅವರೇ, ಬಡ್ಡಿ ಹಾಕುವುದೂ ಅವರೇ.

ನಾನು ಹೋದಾಗ ತೀರ್ಥಹಳ್ಳಿ ಕಡೆಯ ಒಬ್ಬ ಹಿರಿಯ ಗೌಡರು ಬೆಂಚಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಅವರ ಅಳಿಯ. ಹಿಂದಿನ ಸಂಜೆ ಗೌಡರಿಗೆ ಒಂದು ಫೋನ್ ಬಂದಿತ್ತು. "ಮಂಡಿಯಿಂದ ಮಾತಾಡ್ತಿದೀವಿ, ನಿಮ್ಮದು 12 ಕ್ವಿಂಟಲ್ 40 ಕೆಜಿ ರಾಶಿ ಅಡಿಕೆ ಇದೆಯಲ್ವಾ, ಇವತ್ತು ಒಳ್ಳೇ ರೇಟಿಗೆ ಟೆಂಡರ್ ಆಗಿದೆ, ದುಡ್ಡು ಹಾಕೋಕೆ ಹೋದ್ರೆ ಖಾತೆ ಕೆವೈಸಿ ಆಗಿಲ್ಲ ಅಂತ ಬರ್ತಿದೆ" ಅಂದರಂತೆ. ವಾಟ್ಸ್ಆ್ಯಪ್‌ಗೆ ಒಂದು ಫೈಲ್ ಬಂತು. ಕಳಿಸಿದ ನಂಬರಿನ ಫೋಟೋ ಜಾಗದಲ್ಲಿ ಮಂಡಿಯದೇ ಬೋರ್ಡು. ಗೌಡರು ಒತ್ತಿದರು. ಕೇಳಿದ್ದಕ್ಕೆಲ್ಲ "ಸರಿ" ಅಂತ ಒತ್ತುತ್ತಾ ಹೋದರು.

ಈ ಎಪಿಕೆ ಫೈಲಿನ ಕತೆ ಈಗ ಎಲ್ಲರಿಗೂ ಗೊತ್ತು ಅಂದುಕೊಂಡಿದ್ದೆ. ಇಲ್ಲ. ಒತ್ತಿ, ಕೇಳಿದ್ದಕ್ಕೆ ಒಪ್ಪಿದರೆ ಅದು ಒಂದು ಆ್ಯಪ್ ಆಗಿ ಫೋನಿನೊಳಗೆ ಕೂರುತ್ತದೆ, ಎಸ್ಎಂಎಸ್ ಓದುವ ಅನುಮತಿ ಕೇಳುತ್ತದೆ, ಕೊಟ್ಟರೆ ಬ್ಯಾಂಕಿನಿಂದ ಬರುವ ಒಟಿಪಿ ನೇರ ಅವರ ಕೈಗೆ ಹೋಗುತ್ತದೆ. ಗೌಡರ ಖಾತೆಯಿಂದ ಮೊದಲು 49,000 ಹೋಯಿತು, ಆಮೇಲೆ 37,000. ಅಳಿಯ ಮನೆಯಲ್ಲಿದ್ದದ್ದು ಪುಣ್ಯ. ಮುಕ್ಕಾಲು ಗಂಟೆಯೊಳಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ. ಎರಡನೆಯದನ್ನು ದಾರಿಯಲ್ಲೇ ತಡೆದರು. ಮೊದಲನೆಯದು ಅಷ್ಟೊತ್ತಿಗಾಗಲೇ ಬೇರೆ ಖಾತೆಗಳಿಗೆ ಹರಿದು ಹೋಗಿತ್ತು.

ಗೌಡರ ಮಾತು ಇನ್ನೂ ಕಿವಿಯಲ್ಲಿದೆ. "ನಾನು ಯಾರ ಮಾತೂ ನಂಬೋನಲ್ಲ. ಆದ್ರೆ ನನ್ನ ಅಡಿಕೆ ಎಷ್ಟಿದೆ ಅಂತ ನನಗೂ ನಿಮಗೂ ಬಿಟ್ರೆ ಯಾರಿಗೆ ಗೊತ್ತು? ಮನೇಲಿ ಹೆಂಡತಿಗೂ ನಾನು ಸರಿಯಾಗಿ ಹೇಳಿಲ್ಲ."

ಅಷ್ಟು ಹೊತ್ತಿಗೆ ಇನ್ನೂ ಮೂರು ಜನ ಫೋನ್ ಮಾಡಿದ್ದರು. ಅವರಿಗೂ ಅದೇ ಕರೆ, ಆದರೆ ದುಡ್ಡು ಹೋಗಿರಲಿಲ್ಲ. ಅದರಲ್ಲೊಬ್ಬರು ಹೊಸನಗರದವರು ತಪ್ಪಿಸಿಕೊಂಡದ್ದು ಒಂದು ತಮಾಷೆಯಿಂದ. ಕರೆ ಮಾಡಿದವನು ಅವರನ್ನು ಅವರ ದಾಯಾದಿಯ ಹೆಸರಿಂದ ಕರೆದಿದ್ದ. ಆ ದಾಯಾದಿ ಜೊತೆ ಇವರಿಗೆ ಹತ್ತು ವರ್ಷದಿಂದ ಮಾತಿಲ್ಲ. "ರಾಂಗ್ ನಂಬರ್" ಅಂತ ಸಿಟ್ಟಲ್ಲಿ ಇಟ್ಟುಬಿಟ್ಟರು.

ಇದು ನಮಗೆ ಸಿಕ್ಕ ಮೊದಲ ಸುಳಿವು. ಮಂಡಿಯ ಎಕ್ಸೆಲ್ ಪಟ್ಟಿಯಲ್ಲಿ ಈ ಇಬ್ಬರು ದಾಯಾದಿಗಳ ಫೋನ್ ನಂಬರ್ ಅದಲುಬದಲಾಗಿತ್ತು, ಬಹಳ ಹಿಂದಿನಿಂದ. ಅಂದರೆ ಕರೆ ಮಾಡುವವರ ಕೈಯಲ್ಲಿ ಇರುವುದು ನಮ್ಮದೇ ಪಟ್ಟಿ. ಸಾಫ್ಟ್‌ವೇರ್‌ನಲ್ಲಿ ನಂಬರ್ ಸರಿಯಾಗೇ ಇತ್ತು, ಹಾಗಾಗಿ ಸೋರಿದ್ದು ಸಾಫ್ಟ್‌ವೇರ್ ಅಲ್ಲ, ಎಕ್ಸೆಲ್. ನನಗೆ ಆ ಕ್ಷಣ ಸಮಾಧಾನ ಆಗಿದ್ದು ನಿಜ. ಆ ಸಮಾಧಾನ ಮಧ್ಯಾಹ್ನದವರೆಗೂ ಉಳಿಯಲಿಲ್ಲ.

ಎರಡನೇ ಸುಳಿವು ಆ 12.40. ಗೌಡರ ಲಾಟು ಬಂದದ್ದು ಜನವರಿ 22ಕ್ಕೆ. ಆಗ ತೂಕ 12 ಕ್ವಿಂಟಲ್ 40 ಕೆಜಿ ಅಂತ ಬರೆದಿದ್ದರು. ಫೆಬ್ರವರಿ 9ಕ್ಕೆ ಮರುತೂಕ ಮಾಡಿದಾಗ ಚೀಲದ ತೂಕ ಕಳೆಯದೇ ಇದ್ದದ್ದು ಗೊತ್ತಾಗಿ 12.15 ಅಂತ ತಿದ್ದಿದರು. ಪ್ರತಿ ತಿಂಗಳು 3ನೇ ತಾರೀಕು ಸಾಫ್ಟ್‌ವೇರ್‌ನಿಂದ ಲೆಕ್ಕ ತೆಗೆದು, ಹಳೆಯ ಫೋನ್ ಪಟ್ಟಿಯ ಪಕ್ಕ ಅಂಟಿಸಿ, ಆ ಎಕ್ಸೆಲ್ ಮಾಡುತ್ತಿದ್ದರು. ಜನವರಿಯ ಪಟ್ಟಿಯಲ್ಲಿ ಗೌಡರ ಈ ಲಾಟು ಇಲ್ಲ. ಮಾರ್ಚಿನದರಲ್ಲಿ 12.15 ಇದೆ. 12.40 ಇರುವುದು ಫೆಬ್ರವರಿ 3ರ ಪಟ್ಟಿಯಲ್ಲಿ ಮಾತ್ರ. ಗುಮಾಸ್ತರ ಒಂದು ತಪ್ಪು ಇಷ್ಟು ಉಪಕಾರ ಮಾಡುತ್ತದೆ ಅಂತ ಯಾರಿಗೆ ಗೊತ್ತಿತ್ತು.

ಈಗ ಪ್ರಶ್ನೆ ಸುಲಭ ಆಯಿತು. ಆ ಒಂದು ಫೈಲ್ ಎಲ್ಲೆಲ್ಲಿ ಹೋಗಿತ್ತು?

ಪಟ್ಟಿ ಮಾಡುತ್ತಾ ಕೂತೆವು. ಮಂಡಿಯ ವಾಟ್ಸ್ಆ್ಯಪ್ ಗ್ರೂಪಿಗೆ ಹೋಗಿತ್ತು. ಅದರಲ್ಲಿ 11 ಜನ. ಫೆಬ್ರವರಿ ಮಧ್ಯದಲ್ಲೇ ಕೆಲಸ ಬಿಟ್ಟ ಹುಡುಗ ಒಬ್ಬ ಇನ್ನೂ ಆ ಗ್ರೂಪಿನಲ್ಲೇ ಇದ್ದ, ಯಾರೂ ತೆಗೆದಿರಲಿಲ್ಲ. ಅವನನ್ನು ಕರೆಸಿ ಕೇಳಿದರೆ, ಹಳೇ ಫೋನನ್ನು ಸೆಕೆಂಡ್‌ಹ್ಯಾಂಡ್ ಅಂಗಡಿಗೆ ಕೊಟ್ಟು ಹೊಸದು ತಗೊಂಡಿದ್ದ. "ರೀಸೆಟ್ ಮಾಡಿದ್ದೆ ಅನ್ಸತ್ತೆ ಸಾರ್" ಅಂದ. ಇನ್ನೊಂದು ಕಡೆ, ದಿನದ ರೇಟನ್ನು ಬೆಳೆಗಾರರಿಗೆ ಮೆಸೇಜ್ ಮಾಡುವ ಒಂದು ಬಲ್ಕ್ ಮೆಸೇಜ್ ಏಜೆನ್ಸಿಗೂ ಫೈಲ್ ಹೋಗಿತ್ತು. ಅವರಿಗೆ ಬೇಕಾಗಿದ್ದು ಬರೀ ಫೋನ್ ನಂಬರ್. ಆದರೆ ನಂಬರ್ ಬೇರೆ ಮಾಡಿ ಕಳಿಸುವ ಕೆಲಸ ಯಾರಿಗೂ ಬೇಡ, ಹಾಗಾಗಿ ಹೆಸರು, ಊರು, ಅಡಿಕೆ ಲೆಕ್ಕ, ಬ್ಯಾಂಕ್ ಖಾತೆ ಎಲ್ಲ ಸೇರಿದ ಫೈಲನ್ನು ಇದ್ದ ಹಾಗೇ ಕಳಿಸುತ್ತಿದ್ದರು, ಎರಡು ವರ್ಷದಿಂದ, ತಿಂಗಳು ತಿಂಗಳೂ. ಮೂರನೆಯದು ಪೆನ್ ಡ್ರೈವ್. ಯಜಮಾನರ ಬೈಕ್ ಕೀ ಗೊಂಚಲಲ್ಲಿ, ಗಣಪತಿಯ ಕೀ ಚೈನಿನ ಪಕ್ಕ ಅದು ನೇತಾಡುತ್ತಿತ್ತು. "ಬ್ಯಾಕಪ್ಪು ಯಾವಾಗಲೂ ನನ್ನ ಹತ್ರನೇ ಇರತ್ತೆ" ಅಂತ ಅವರಿಗೆ ಹೆಮ್ಮೆ. ಬೈಕನ್ನು ಸರ್ವಿಸ್‌ಗೆ ಬಿಟ್ಟಾಗ ಕೀ ಯಾರ ಹತ್ತಿರ ಇರುತ್ತದೆ ಅಂತ ಕೇಳಿದೆ. ಸುಮ್ಮನಾದರು.

ನಾಲ್ಕನೆಯದು ನಾನು. ಫೆಬ್ರವರಿಯಲ್ಲಿ ಒಂದು ಫಾರ್ಮುಲಾ ಸರಿ ಇಲ್ಲ ಅಂತ ಆ ಫೈಲನ್ನು ನನ್ನ ಲ್ಯಾಪ್‌ಟಾಪಿಗೆ ಎಳೆದುಕೊಂಡಿದ್ದೆ. ಸರಿ ಮಾಡಿ ವಾಪಸ್ ಕಳಿಸಿ ಮರೆತೂಬಿಟ್ಟಿದ್ದೆ. ಡೌನ್‌ಲೋಡ್ ಫೋಲ್ಡರಿನಲ್ಲಿ ಬಿದ್ದಿತ್ತು. ಅಷ್ಟೇ ಅಲ್ಲ. ದೂರದಿಂದಲೇ ಕಂಪ್ಯೂಟರ್ ಸರಿ ಮಾಡಲು ಮಂಡಿಯಲ್ಲಿ ರಿಮೋಟ್ ಸಾಫ್ಟ್‌ವೇರ್ ಹಾಕಿದ್ದೆ, ಯಾರೂ ಒಪ್ಪಿಗೆ ಒತ್ತುವ ಅಗತ್ಯ ಇಲ್ಲದ ಹಾಗೆ, ಒಂದೇ ಪಾಸ್‌ವರ್ಡ್. ಆ ಪಾಸ್‌ವರ್ಡ್ ನನ್ನ 34 ಗಿರಾಕಿಗಳಿಗೂ ಒಂದೇ. 34 ಬಾಗಿಲಿಗೂ ಒಂದೇ ಬೀಗ ಹಾಕಿದ ಮನುಷ್ಯ ನಾನು, ಬೇರೆಯವರ ಬೀಗ ಪರೀಕ್ಷೆ ಮಾಡೋಕೆ ಹೋಗಿದ್ದೆ. ಇದನ್ನು ಯಜಮಾನರಿಗೆ ಹೇಳುವಾಗ ನಾಲಿಗೆ ಒಣಗಿತ್ತು. ಅವರು ಬೈಯಲಿಲ್ಲ. ಬೈದಿದ್ದರೆ ಸುಲಭ ಇತ್ತು.

ಯಜಮಾನರಿಗೆ ಮೊದಲಿಂದಲೂ ಕೆಲಸ ಬಿಟ್ಟ ಹುಡುಗನ ಮೇಲೇ ಅನುಮಾನ. ಪೊಲೀಸ್ ಕಂಪ್ಲೇಂಟಿನಲ್ಲಿ ಅವನ ಹೆಸರು ಬರೆಸಬೇಕು ಅಂದರು. ನಾನು ಬೇಡ ಅಂದೆ. ನಾಲ್ಕು ದಾರಿಯಲ್ಲಿ ಯಾವುದರಿಂದ ಹೋಯಿತು ಅಂತ ತೋರಿಸಲು ನಮ್ಮ ಹತ್ತಿರ ಏನೂ ಇರಲಿಲ್ಲ. ಯಾರು ಯಾವಾಗ ಫೈಲ್ ತೆರೆದರು, ಯಾರು ಮುಂದಕ್ಕೆ ಕಳಿಸಿದರು ಅನ್ನುವ ದಾಖಲೆಯೇ ಇಲ್ಲದ ಕಡೆ ಬಡವನ ಹೆಸರು ಮೊದಲು ಬರುತ್ತದೆ. ಕೊನೆಗೆ ನಾಲ್ಕೂ ದಾರಿಯನ್ನು ಬರೆದು ಸೈಬರ್ ಅಪರಾಧ ನೋಡುವ ಜಿಲ್ಲೆಯ ಸಿಇಎನ್ ಠಾಣೆಗೆ ಕೊಟ್ಟೆವು. ಬರೆಯುವ ಹೊತ್ತಿಗೂ ಯಾವುದು ಅಂತ ಗೊತ್ತಾಗಿಲ್ಲ.

ಹೇಳಬೇಕಾ, ಬೇಡ್ವಾ?

ದೊಡ್ಡ ಜಗಳ ಆಗಿದ್ದು ಇದಕ್ಕೆ. "ಸಾವಿರ ಜನಕ್ಕೆ ಹೇಳಿದ್ರೆ ಯಾರ್ಡಲ್ಲಿ ಮರ್ಯಾದೆ ಉಳಿಯತ್ತಾ? ನಾಳೆ ಎಲ್ಲ ಪಕ್ಕದ ಮಂಡಿಗೆ ಲಾರಿ ತಿರುಗಿಸ್ತಾರೆ" ಅಂದರು ಯಜಮಾನರು. ಅವರ ಭಯ ಸುಳ್ಳಲ್ಲ. ಮಂಡಿ ವ್ಯಾಪಾರ ನಡೆಯುವುದೇ ನಂಬಿಕೆಯ ಮೇಲೆ. ಅವರ ಮಾತಿಗೆ ಬೆಂಬಲವಾಗಿ ಇನ್ನೊಂದು ವಾದವೂ ಇತ್ತು: "ಆಧಾರ್ ಹೋಗಿಲ್ವಲ್ಲ?"

ಹೌದು, ಎಕ್ಸೆಲ್‌ನಲ್ಲಿ ಆಧಾರ್ ನಂಬರ್ ಇರಲಿಲ್ಲ. ವಿಷಯ ಗೊತ್ತಾದವರೆಲ್ಲ ಮೊದಲು ಕೇಳುತ್ತಿದ್ದುದೂ ಅದನ್ನೇ. ಇಲ್ಲ ಅಂದ ಕೂಡಲೇ ಉಸಿರು ಬಿಡುತ್ತಿದ್ದರು. ಆದರೆ ಗೌಡರು ಮೋಸ ಹೋಗಿದ್ದು ಆಧಾರಿನಿಂದ ಅಲ್ಲವಲ್ಲ. ಅವರನ್ನು ಬೀಳಿಸಿದ್ದು 12.40 ಅನ್ನುವ ಅಂಕಿ. ಮಲೆನಾಡಿನಲ್ಲಿ ಒಂದು ಮನೆಯ ಅಡಿಕೆ ಲೆಕ್ಕ ಅಂದರೆ ಆ ಮನೆಯ ಪೂರ್ತಿ ಲೆಕ್ಕ. ಈಚಿನ ವರ್ಷಗಳಲ್ಲಿ ರಾಶಿ ಅಡಿಕೆ ಕ್ವಿಂಟಲ್‌ಗೆ 50,000 ರೂಪಾಯಿಯ ಆಚೀಚೆ ಓಡಾಡಿದ್ದಿದೆ, ಆ ಲೆಕ್ಕದಲ್ಲಿ 12 ಕ್ವಿಂಟಲ್ ಅಂದರೆ ಆರು ಲಕ್ಷ. ಅಂಗಳದಲ್ಲಿ ಒಣಗಿಸಿದ ಅಡಿಕೆಗೆ ಕಾವಲು ಮಲಗುವ ಊರು ನಮ್ಮದು. ಯಾರದ್ದು ಎಷ್ಟಿದೆ, ಎಲ್ಲಿದೆ, ಯಾವಾಗ ಮಾರಿದರು, ಯಾವ ದಿನ ದುಡ್ಡು ಬಂತು ಅನ್ನುವ ಪಟ್ಟಿ ಕಳ್ಳನಿಗೂ ಬೇಕು, ಸಾಲ ಕೊಡುವವನಿಗೂ ಬೇಕು, ಪಾಲು ಕೇಳುವ ತಮ್ಮನಿಗೂ ಬೇಕು.

ಕಾನೂನಿನಲ್ಲಿ ಇದಕ್ಕೊಂದು ವಿಚಿತ್ರ ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕೆಳಗೆ 2011ರಲ್ಲಿ ಬಂದ ನಿಯಮಗಳು ಯಾವುದು 'ಸೂಕ್ಷ್ಮ' ಮಾಹಿತಿ ಅಂತ ಪಟ್ಟಿ ಕೊಡುತ್ತವೆ: ಪಾಸ್‌ವರ್ಡ್, ಬ್ಯಾಂಕ್ ಖಾತೆಯಂಥ ಹಣದ ವಿವರ, ಆರೋಗ್ಯ, ಬೆರಳಚ್ಚು, ಹೀಗೆ. ಫೋನ್ ನಂಬರ್ ಅದರಲ್ಲಿಲ್ಲ. ಗೋದಾಮಿನಲ್ಲಿರುವ ಅಡಿಕೆಯಂತೂ ದೆಹಲಿಯಲ್ಲಿ ಯಾರ ತಲೆಗೂ ಹೊಳೆದಿರಲಿಕ್ಕಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇಂಥ ಭೇದ ಮಾಡುವುದಿಲ್ಲ. ಒಬ್ಬ ಮನುಷ್ಯ ಯಾರು ಅಂತ ಗುರುತು ಸಿಗುವ ಯಾವ ಮಾಹಿತಿಯೂ, ಡಿಜಿಟಲ್ ಆಗಿದ್ದರೆ, ಅದರೊಳಗೆ ಬರುತ್ತದೆ. ನನಗೆ ಹೊಸ ಕಾಯ್ದೆಯಲ್ಲಿ ಹಿಡಿಸಿದ್ದು ಇದೊಂದು. ಯಾವುದು ಗುಟ್ಟು ಅನ್ನುವುದು ಊರಿಂದ ಊರಿಗೆ ಬೇರೆ, ಅಲ್ವಾ.

ಯಜಮಾನರ ಪರಿಚಯದ ಲಾಯರ್ ಒಬ್ಬರು ಬಂದು ಕೂತು ಇದನ್ನೆಲ್ಲ ಬಿಡಿಸಿ ಹೇಳಿದರು. ಕಾಯ್ದೆ 2023ರ ಆಗಸ್ಟ್‌ನಲ್ಲೇ ಬಂದರೂ ನಿಯಮಗಳು ಪ್ರಕಟವಾಗಿದ್ದು 2025ರ ನವೆಂಬರ್‌ನಲ್ಲಿ, ಕಂಪನಿಗಳ ಮುಖ್ಯ ಜವಾಬ್ದಾರಿಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳು. ನಮ್ಮ ಪ್ರಕರಣ ನಡೆದಾಗ ಆ ಗಡುವು ಮುಗಿದಿರಲಿಲ್ಲ. "ಹಾಗಾದ್ರೆ ಹೇಳ್ಲೇಬೇಕು ಅಂತಿಲ್ಲ ಅಲ್ವಾ" ಅಂದರು ಯಜಮಾನರು, ಮುಖ ಅರಳಿತು. ಲಾಯರ್ ಅಷ್ಟಕ್ಕೆ ಬಿಡಲಿಲ್ಲ. ಗಡುವು ಮುಗಿದ ಮೇಲೆ ಇದೇ ಆದರೆ, ಮಾಹಿತಿ ಕಾಪಾಡುವ ಕ್ರಮ ತಗೊಳ್ಳದ್ದಕ್ಕೆ 250 ಕೋಟಿವರೆಗೆ, ಸೋರಿದ್ದನ್ನು ತಿಳಿಸದೇ ಇದ್ದದ್ದಕ್ಕೆ 200 ಕೋಟಿವರೆಗೆ ದಂಡ ಹಾಕಬಹುದು ಅಂದರು. "ಇಡೀ ಯಾರ್ಡ್ ಮಾರಿದ್ರೂ ಅಷ್ಟು ಹುಟ್ಟಲ್ಲ" ಅಂತ ಯಜಮಾನರು ನಕ್ಕರು. ಅದು ಮೇಲಿನ ಮಿತಿ, ತಪ್ಪು ಎಷ್ಟು ದೊಡ್ಡದು, ಆಮೇಲೆ ಏನು ಮಾಡಿದಿರಿ ಎಲ್ಲ ನೋಡಿ ದತ್ತಾಂಶ ಸಂರಕ್ಷಣಾ ಮಂಡಳಿ ತೀರ್ಮಾನಿಸುತ್ತದೆ ಅಂತ ಲಾಯರ್ ಸೇರಿಸಿದರು. ಆಗ ನಗು ಸ್ವಲ್ಪ ಕಡಿಮೆ ಆಯಿತು. ಇನ್ನೊಂದು, ಸೆರ್ಟ್-ಇನ್ ಅನ್ನುವ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ಆದೇಶ ಆಗಲೂ ಜಾರಿಯಲ್ಲೇ ಇತ್ತು. ಮಾಹಿತಿ ಸೋರಿದ್ದು ಗಮನಕ್ಕೆ ಬಂದ 6 ಗಂಟೆಯೊಳಗೆ ಆ ಸಂಸ್ಥೆಗೆ ತಿಳಿಸಬೇಕು. ನಮ್ಮ ಗಮನಕ್ಕೆ ಬಂದು ಆಗ 4 ದಿನ ಆಗಿತ್ತು. ತಡವಾಗಿಯೇ ಕಳಿಸಿದೆವು.

ಆದರೆ ಬೆಳೆಗಾರರಿಗೆ ಹೇಳಬೇಕು ಅಂತ ತೀರ್ಮಾನ ಆಗಿದ್ದು ಕಾನೂನಿನಿಂದ ಅಲ್ಲ. ಅದು ಗುಮಾಸ್ತರಿಂದ.

ಗುಮಾಸ್ತರು ಯಜಮಾನರ ಅಪ್ಪನ ಕಾಲದವರು. ಎಪ್ಪತ್ತು ದಾಟಿದೆ. ಕಂಪ್ಯೂಟರ್ ಮುಟ್ಟುವುದಿಲ್ಲ, ಆದರೂ ದಿನಾ ಬಂದು ಕೂರುತ್ತಾರೆ. ಅಷ್ಟೂ ದಿನ ಬಾಯಿ ಬಿಡದೆ ಕೇಳುತ್ತಿದ್ದವರು ಎದ್ದು, ಒಳಗಿನ ಮರದ ಪೆಟ್ಟಿಗೆಯಿಂದ ಒಂದು ರಟ್ಟು ತಂದರು. ಹಳೇ ಕ್ಯಾಲೆಂಡರಿನ ರಟ್ಟು, ಅಂಚು ಸವೆದು ಮೆತ್ತಗಾಗಿದೆ. ಮಧ್ಯದಲ್ಲಿ ಒಂದು ಉದ್ದನೆಯ ಕಿಂಡಿ ಕತ್ತರಿಸಿದ್ದರು, ಖಾತೆ ಪುಸ್ತಕದ ಒಂದು ಸಾಲು ಕಾಣುವಷ್ಟು. ಬೆಳೆಗಾರ ಬಂದು ತನ್ನ ಲೆಕ್ಕ ಕೇಳಿದರೆ, ಪುಸ್ತಕದ ಮೇಲೆ ಈ ರಟ್ಟು ಇಟ್ಟು ಅವನ ಸಾಲು ಮಾತ್ರ ತೋರಿಸುತ್ತಿದ್ದರು. ಮೇಲಿನ ಸಾಲಿನ ಶೆಟ್ಟರದ್ದು ಎಷ್ಟು, ಕೆಳಗಿನ ಭಟ್ಟರ ಮುಂಗಡ ಎಷ್ಟು, ಕಾಣುತ್ತಿರಲಿಲ್ಲ. ಸಂಜೆ ಪುಸ್ತಕ ಪೆಟ್ಟಿಗೆಗೆ, ಕೀ ಸೊಂಟಕ್ಕೆ.

"ಗುಟ್ಟು ರಟ್ಟಾಗಬಾರ್ದು ಅಂತ ರಟ್ಟು ಇಟ್ಕೊಂಡಿದ್ದೆ" ಅಂದರು. ತಮಾಷೆಗೆ ಹೇಳಿದ್ದಲ್ಲ.

ಆಮೇಲೆ ಅವರು ಹೇಳಿದ ಕತೆಗಳನ್ನೆಲ್ಲ ಬರೆದರೆ ಇನ್ನೊಂದು ಲೇಖನ ಆಗುತ್ತದೆ. ಹೆಣ್ಣು ಕೊಡುವವರು ಮೊದಲು ಬರುತ್ತಿದ್ದುದು ಮಂಡಿಗೆ, ಆಮೇಲೆ ಗಂಡಿನ ಮನೆಗೆ. ಸುಮ್ನೆ ಬಂದವರ ಹಾಗೆ ಕೂತು, ಎಲೆ ಅಡಿಕೆ ಹಾಕಿಕೊಂಡು, "ಆ ಮನೇಲಿ ವರ್ಷಕ್ಕೆ ಎಷ್ಟಾಗತ್ತೆ?" ಅಂತ ಕೇಳುತ್ತಿದ್ದರು. ಗುಮಾಸ್ತರ ಉತ್ತರ ಎಲ್ಲರಿಗೂ ಒಂದೇ: "ಊಟಕ್ಕೆ ತೊಂದ್ರೆ ಇಲ್ಲ." ನಾಲ್ಕು ಕ್ವಿಂಟಲ್ ಮನೆಗೂ ಅದೇ, ನಲವತ್ತು ಕ್ವಿಂಟಲ್ ಮನೆಗೂ ಅದೇ. ದನದ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಮಾತಾಡುವುದನ್ನು ನೋಡಿದವರಿಗೆ ಇದು ಅರ್ಥ ಆಗುತ್ತದೆ. ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹಾಕಿದ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದಿದ್ದು 2017ರ ಆಗಸ್ಟ್ 24ರಂದು. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನಲ್ಲಿ ಇದ್ದವರು, ನಮ್ಮವರೇ. ನಮ್ಮ ಗುಮಾಸ್ತರು ತೀರ್ಪು ಓದಿಲ್ಲ.

"ಅವರ ಸಾಲು ಬೇರೆಯವರಿಗೆ ಕಂಡಿದೆ. ಕಂಡಿದೆ ಅಂತ ಅವರಿಗೆ ಹೇಳ್ಬೇಕಲ್ಲಪ್ಪ" ಅಂದರು ಯಜಮಾನರಿಗೆ. ಅಪ್ಪನ ಕಾಲದವರ ಮಾತು. ಮುಗಿಯಿತು.

ಹೇಗೆ ಹೇಳುವುದು ಅನ್ನುವುದು ಸಣ್ಣ ವಿಷಯ ಅಂದುಕೊಂಡಿದ್ದೆ. ಎರಡು ದಿನ ತಗೊಂಡಿತು. ಬಲ್ಕ್ ಮೆಸೇಜ್ ಬೇಡ ಅಂತ ಆಯಿತು, ಏಕೆಂದರೆ ಅನುಮಾನದಲ್ಲಿ ಆ ಏಜೆನ್ಸಿಯೂ ಒಂದು. ವಾಟ್ಸ್ಆ್ಯಪ್ ಕಳಿಸಿದರೆ ಮೋಸದವರ ಮೆಸೇಜಿಗೂ ನಮ್ಮದಕ್ಕೂ ವ್ಯತ್ಯಾಸವೇ ಇರುವುದಿಲ್ಲ, ಅದೇ ಬೋರ್ಡಿನ ಫೋಟೋ. ಕೊನೆಗೆ ಗೋದಾಮಿನಲ್ಲಿ ಅಡಿಕೆ ಇದ್ದವರಿಗೆಲ್ಲ ಮಂಡಿಯ ಲ್ಯಾಂಡ್‌ಲೈನ್‌ನಿಂದ ಒಬ್ಬೊಬ್ಬರಿಗೇ ಫೋನ್ ಮಾಡಿದೆವು, ಉಳಿದವರಿಗೆ ಅಂಚೆಯಲ್ಲಿ ಕಾಗದ. ಕಾಗದದಲ್ಲಿ ಇಷ್ಟೇ ಇತ್ತು:

"ನಮ್ಮ ಮಂಡಿಯ ಖಾತೆದಾರರ ಪಟ್ಟಿ ಹೊರಗಿನವರ ಕೈಗೆ ಸಿಕ್ಕಿದೆ. ಅದರಲ್ಲಿ ನಿಮ್ಮ ಹೆಸರು, ಊರು, ಫೋನ್ ನಂಬರ್, ಬ್ಯಾಂಕ್ ಖಾತೆ ನಂಬರ್ ಮತ್ತು ಫೆಬ್ರವರಿ 3ರಂದು ನಮ್ಮಲ್ಲಿದ್ದ ನಿಮ್ಮ ಅಡಿಕೆಯ ಲೆಕ್ಕ ಇದೆ. ಆಧಾರ್ ಇಲ್ಲ. ನಿಮ್ಮ ಅಡಿಕೆ ಗೋದಾಮಿನಲ್ಲಿ ಹಾಗೇ ಇದೆ, ಬಂದು ನೋಡಬಹುದು. ನಮ್ಮ ಹೆಸರು ಹೇಳಿ ಯಾರಾದರೂ ನಿಮ್ಮ ಅಡಿಕೆ ಲೆಕ್ಕ ಸರಿಯಾಗಿ ಹೇಳಿದರೂ ನಂಬಬೇಡಿ. ನಾವು ಫೋನಿಗೆ ಫೈಲ್ ಕಳಿಸುವುದಿಲ್ಲ. ದುಡ್ಡು ಹೋದರೆ ಆ ಕ್ಷಣವೇ 1930ಕ್ಕೆ ಫೋನ್ ಮಾಡಿ, ಆಮೇಲೆ ನಮಗೆ. ಈ ಪಟ್ಟಿಯನ್ನು ಕಾಪಾಡುವುದು ನಮ್ಮ ಕೆಲಸವಾಗಿತ್ತು."

ಕೊನೆಯ ವಾಕ್ಯ ಮೊದಲು "ತಪ್ಪು ನಮ್ಮದು" ಅಂತ ಇತ್ತು. ಲಾಯರ್ ಹೊಡೆದು ಹಾಕಿದರು. ಗುಮಾಸ್ತರು ಮತ್ತೆ ಬರೆದರು. ಮೂರು ಸಲ ಹೀಗಾಗಿ ಕೊನೆಗೆ ಆ ವಾಕ್ಯಕ್ಕೆ ಇಬ್ಬರೂ ಒಪ್ಪಿದರು. ಹೊಸ ನಿಯಮಗಳಲ್ಲಿ ಇಂಥ ಕಾಗದದಲ್ಲಿ ಏನೇನಿರಬೇಕು ಅಂತ ಹೇಳಿದ್ದಾರೆ: ಏನು ಸೋರಿತು, ಯಾವಾಗ, ಇದರಿಂದ ಏನಾಗಬಹುದು, ನಾವೇನು ಮಾಡಿದ್ದೇವೆ, ನೀವೇನು ಮಾಡಬೇಕು, ಯಾರನ್ನು ಕೇಳಬೇಕು. ಆಮೇಲೆ ತಾಳೆ ನೋಡಿದರೆ ಗುಮಾಸ್ತರ ಕಾಗದದಲ್ಲಿ ಹೆಚ್ಚುಕಡಿಮೆ ಎಲ್ಲ ಇತ್ತು, 'ನಾವೇನು ಮಾಡಿದ್ದೇವೆ' ಅನ್ನುವುದೊಂದು ಬಿಟ್ಟು. ಅದನ್ನು ಬರೆಯದೇ ಇದ್ದದ್ದು ಸರಿಯೇ. ಅಲ್ಲಿಯವರೆಗೆ ನಾವು ಏನೂ ಮಾಡಿರಲಿಲ್ಲ.

ಫೋನ್ ಮಾಡುವಾಗ ಕೆಲವರು ಬೈದರು. ಜಾಸ್ತಿ ಜನ ಕೇಳಿದ್ದು ಬೇರೆಯೇ: "ನಮ್ಮ ಅಣ್ಣಂಗೂ ಗೊತ್ತಾಗಿದೆಯಾ?" ಹ್ಯಾಕರ್‌ಗಿಂತ ದೊಡ್ಡ ಭಯ ಅಣ್ಣ. ಹಿಸ್ಸೆ ಕೇಸ್ ನಡೆಯುತ್ತಿರುವ ಒಬ್ಬರಂತೂ ಅವತ್ತೇ ಬಂದು ಅಡಿಕೆ ಎತ್ತಿಕೊಂಡು ಹೋದರು. ಒಟ್ಟು ಏಳು ಜನ ಖಾತೆ ಮುಚ್ಚಿದರು. ಇಬ್ಬರು ಮಳೆಗಾಲ ಮುಗಿಯುವುದರೊಳಗೆ ವಾಪಸ್ ಬಂದರು.

ಕಾಗದ ಸುಟ್ಟದ್ದು, ಪಟ್ಟಿ ಸೀಳಿದ್ದು

ಸರಿಪಡಿಸುವ ಕೆಲಸಕ್ಕೆ ಇಳಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಕಂಪ್ಯೂಟರ್ ಅಲ್ಲ, ಮೆಟ್ಟಿಲ ಕೆಳಗಿನ ಎರಡು ಗೋಣಿಚೀಲ. ತುಂಬ ಆಧಾರ್ ಜೆರಾಕ್ಸ್. ಯಾಕೆ ತಗೊಳ್ತೀರಿ ಅಂತ ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ಯಾವಾಗಲೋ ಯಾರೋ ಕೇಳಿದ್ದರು, ಅವತ್ತಿಂದ ಹೊಸ ಖಾತೆಗೆ ಒಂದು ಜೆರಾಕ್ಸ್ ಅನ್ನುವುದು ಪದ್ಧತಿ ಆಗಿಬಿಟ್ಟಿದೆ. ತೂಕ ಮಾಡುವ ಹುಡುಗರು ಅದರ ಹಿಂಭಾಗದಲ್ಲಿ ಚೀಲದ ಲೆಕ್ಕ ಬರೆಯುತ್ತಿದ್ದರು, ಒಂದು ಬದಿ ಖಾಲಿ ಇರುತ್ತದಲ್ಲ ಅಂತ. ಬರೀ ಕಾಗದದಲ್ಲೇ ಉಳಿದ ಮಾಹಿತಿಗೆ 2023ರ ಕಾಯ್ದೆ ಅನ್ವಯಿಸುವುದಿಲ್ಲ, ಅದು ಬೇರೆ ಮಾತು. ಅದಕ್ಕೇ ಕಂಪನಿಗಳು ಕಂಪ್ಯೂಟರಿಗೆ ನಾಲ್ಕು ಬೀಗ ಹಾಕಿ ಗೋಣಿಚೀಲವನ್ನು ಮರೆಯುತ್ತವೆ ಅಂತ ನನ್ನ ಅನುಮಾನ.

ಎಲ್ಲವನ್ನೂ ಸುಟ್ಟುಬಿಡೋಣ ಅಂದರು ಯಜಮಾನರು, ಖಾತೆ ಪುಸ್ತಕ ಸೇರಿಸಿ! ಅದಾಗುವುದಿಲ್ಲ. ಕಂಪನಿ ಕಾಯ್ದೆಯ ಪ್ರಕಾರ ಲೆಕ್ಕದ ಪುಸ್ತಕಗಳನ್ನು 8 ವರ್ಷ ಇಟ್ಟುಕೊಳ್ಳಬೇಕು. ಯಾರು ಎಷ್ಟು ತಂದರು, ಎಷ್ಟಕ್ಕೆ ಹೋಯಿತು, ಎಷ್ಟು ಕೊಟ್ಟೆವು ಅನ್ನುವುದು ಲೆಕ್ಕ. ಆಧಾರ್ ಜೆರಾಕ್ಸ್ ಲೆಕ್ಕ ಅಲ್ಲ. ಹಾಗಾಗಿ ಜೆರಾಕ್ಸ್ ಅಷ್ಟೂ ಯಜಮಾನರ ಮನೆಯ ಬಚ್ಚಲೊಲೆಗೆ ಹೋಯಿತು. ಎರಡು ದಿನ ಅವರ ಮನೆಯಲ್ಲಿ ಹಂಡೆ ನೀರು ಕಾದದ್ದು ಅದರಲ್ಲೇ. ಈಗ ಹೊಸ ಖಾತೆಗೆ ಪಾಸ್‌ಬುಕ್ ನೋಡಿ, ನಂಬರ್ ಬರೆದುಕೊಂಡು, ಎದುರಿಗೇ ವಾಪಸ್ ಕೊಡುತ್ತಾರೆ. ಗುರುತಿಗೆ ಆಧಾರ್ ಕೊಟ್ಟೇ ಕೊಡುತ್ತೇನೆ ಅನ್ನುವವರಿಗೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ತೆಗೆಯುವುದನ್ನು ಹುಡುಗರೇ ಹೇಳಿಕೊಡುತ್ತಾರೆ.

ಎಕ್ಸೆಲ್ ಪಟ್ಟಿಯನ್ನು ಎರಡು ಸೀಳು ಮಾಡಿದೆವು. ಒಂದರಲ್ಲಿ ಹೆಸರು, ಊರು, ಫೋನ್. ಇನ್ನೊಂದರಲ್ಲಿ ಖಾತೆ ಸಂಖ್ಯೆ ಮತ್ತು ಅಡಿಕೆ, ಹೆಸರಿಲ್ಲ. ಎರಡನ್ನೂ ಸೇರಿಸಿ ನೋಡುವುದು ಸಾಫ್ಟ್‌ವೇರಿನ ಒಳಗೆ ಮಾತ್ರ, ಅದೂ ಯಜಮಾನರು ಮತ್ತು ಒಬ್ಬ ಲೆಕ್ಕದವರು. ಕೌಂಟರಿನ ಸ್ಕ್ರೀನಿನಲ್ಲಿ ಒಂದು ಸಲಕ್ಕೆ ಒಬ್ಬರ ಖಾತೆ ಮಾತ್ರ ತೆರೆಯುತ್ತದೆ, ಎಲ್ಲರ ಪಟ್ಟಿ ಬರುವುದೇ ಇಲ್ಲ. ಯಾರು ಯಾವ ಖಾತೆ ತೆರೆದರು ಅನ್ನುವುದು ತಾರೀಕು, ಗಂಟೆ ಸಮೇತ ದಾಖಲಾಗುತ್ತದೆ. ನಾನು ಆ ಸ್ಕ್ರೀನಿಗೆ ಪ್ರೋಗ್ರಾಮಿನಲ್ಲಿ ಇಟ್ಟ ಹೆಸರು 'ರಟ್ಟು'. ಬಲ್ಕ್ ಮೆಸೇಜ್ ಏಜೆನ್ಸಿಗೆ ಈಗ ಬರೀ ನಂಬರ್ ಹೋಗುತ್ತದೆ. ಹಳೇ ಫೈಲುಗಳನ್ನೆಲ್ಲ ಅಳಿಸಿ ಅಂತ ಅವರಿಗೆ ಬರೆದೆವು. "ಅಳಿಸಿದ್ದೇವೆ" ಅಂತ ಒಂದು ಸಾಲಿನ ಉತ್ತರ ಬಂತು. ಅದನ್ನು ಪರೀಕ್ಷಿಸುವ ದಾರಿ ನಮ್ಮ ಹತ್ತಿರ ಇಲ್ಲ.

ಪೆನ್ ಡ್ರೈವ್ ಬೈಕ್ ಕೀಯಿಂದ ಇಳಿಯಿತು. ಈಗ ಪಾಸ್‌ವರ್ಡ್ ಇಲ್ಲದೆ ತೆರೆಯದ ಎರಡು ಡ್ರೈವ್, ಒಂದು ತಿಜೋರಿಯಲ್ಲಿ, ಒಂದು ಮನೆಯಲ್ಲಿ. ಗ್ರೂಪಿನಲ್ಲಿ ದಿನದ ರೇಟು ಬಿಟ್ಟು ಬೇರೇನೂ ಹಾಕುವ ಹಾಗಿಲ್ಲ. ನನ್ನ 34 ಗಿರಾಕಿಗಳ ರಿಮೋಟ್ ಪಾಸ್‌ವರ್ಡ್ ಬದಲಾಯಿಸಿ, ಪ್ರತಿ ಸಲವೂ ಅವರೇ ಒಪ್ಪಿಗೆ ಒತ್ತಿದರೆ ಮಾತ್ರ ಒಳಗೆ ಹೋಗುವ ಹಾಗೆ ಮಾಡಲು ಎಂಟು ದಿನ ಬೇಕಾಯಿತು. ಎಂಟು ದಿನದ ಕೂಲಿ ಯಾರ ಹತ್ತಿರವೂ ಕೇಳಲಿಲ್ಲ, ಕೇಳುವ ಮುಖ ಇರಲಿಲ್ಲ.

ಇವೆಲ್ಲ ಸುಲಭದವು. ಕಷ್ಟ ಆಗಿದ್ದು ಮನುಷ್ಯರ ಜೊತೆ. ಮೊದಲೆಲ್ಲ ಬೆಂಗಳೂರಿನಿಂದ ಮಗ ಫೋನ್ ಮಾಡಿ "ಅಪ್ಪಂದು ಎಷ್ಟಿದೆ?" ಅಂದರೆ ಹೇಳುತ್ತಿದ್ದರು. ಈಗ "ಅಪ್ಪನ ಹತ್ರನೇ ಕೇಳಿ" ಅನ್ನಬೇಕು. ಒಬ್ಬ ಮಗ ಬಂದು ಕೌಂಟರಿನಲ್ಲಿ ಕೂಗಾಡಿದ, "ನಾನೇನು ಕಳ್ಳನಾ?" ಅಂತ. ಅಪ್ಪನಿಗೆ ಎಂಬತ್ತು, ಕಿವಿ ಕೇಳುವುದಿಲ್ಲ, ಆಸ್ಪತ್ರೆ ಖರ್ಚೆಲ್ಲ ಮಗನೇ ನೋಡುತ್ತಿದ್ದಾನೆ. ಅವನ ಸಿಟ್ಟೂ ಸರಿಯೇ. ಕೊನೆಗೆ ಖಾತೆದಾರರು ಬಂದು ಸಹಿ ಹಾಕಿ "ಇವರಿಗೆ ಹೇಳಬಹುದು" ಅಂತ ಒಬ್ಬರ ಹೆಸರು ಬರೆಸುವ ಒಂದು ಚೀಟಿ ಮಾಡಿದೆವು. ಸುಮಾರು ಜನ ಮಗನ ಹೆಸರು ಬರೆಸಿದರು. ಕೆಲವರು ಮಗಳದ್ದು. ನಮ್ಮ ಗೌಡರು ಮಾತ್ರ ಆ ಜಾಗದಲ್ಲಿ ಒಂದು ಗೆರೆ ಎಳೆದು ಕೊಟ್ಟರು.

ಗೌಡರು ಕಳೆದುಕೊಂಡ 49,000ದ ವಿಷಯ. ಅದನ್ನು ತುಂಬಿಕೊಟ್ಟರೆ ತಪ್ಪು ಒಪ್ಪಿಕೊಂಡಂತೆ ಅಂತ ಲಾಯರ್ ತಡೆದರು. ಯಜಮಾನರು ಗೌಡರ ಮುಂಗಡದ ಮೇಲಿನ ಆ ವರ್ಷದ ಬಡ್ಡಿ ಬಿಟ್ಟರು. ಲೆಕ್ಕ ಹಾಕಿದರೆ ಅದು ಹೋದ ದುಡ್ಡಿನ ಅರ್ಧವೂ ಆಗುವುದಿಲ್ಲ. ನನಗೆ ಇದು ಕಡಿಮೆ ಅನ್ನಿಸಿತು, ಅವರಿಗೆ ಹೇಳಿದೆ ಕೂಡ. "ನೀವೆಷ್ಟು ಹಾಕ್ತೀರಿ?" ಅಂದರು. ನಾನೂ ಹಾಕಲಿಲ್ಲ.

ಮಳೆಗಾಲ ಕಳೆದು ಅಡಿಕೆ ಕೊಯ್ಲು ಶುರುವಾದ ಮೇಲೆ ಗೌಡರು ಒಂದು ದಿನ ಮಂಡಿಗೆ ಬಂದಿದ್ದರು, ನಾನೂ ಅಲ್ಲೇ ಇದ್ದೆ. ಹಿಂದಿನ ವಾರ ಮತ್ತೆ ಆ ಫೋನ್ ಬಂದಿತ್ತಂತೆ. ಬೇರೆ ದನಿ, ಬೇರೆ ನಂಬರ್, ಅದೇ ಮಾತು: "ನಿಮ್ಮದು 12 ಕ್ವಿಂಟಲ್ 40 ಕೆಜಿ ರಾಶಿ ಇದೆಯಲ್ವಾ?"

"ಅಲ್ಲ ಮಾರಾಯ, 12.15. ಚೀಲದ ತೂಕ ಕಳ್ದಿರಲಿಲ್ಲ" ಅಂತ ಹೇಳಿ ಇಟ್ಟರಂತೆ.